ನನ್ನ ಕಣ್ಣಿಗೆ ಬಿಗಿದ ಟೆಲಿಸ್ಕೋಪ್

ಈ ಸಭೆಯ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಒಂದು ಕಾಲದಲ್ಲಿ ನನಗೆ ವಿಜ್ಞಾನ ಕಲಿಸಿ ಈಗ ಇದೇ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿರುವ ಮೇಡಂ ಅವರೇ, ತಂದೆ ತಾಯಿಯರೇ, ಇವನ ಮಾತು ಮುಗಿದು ಹಾಡು ಯಾವಾಗ ಶುರುವಾದೀತು ಎಂದು ಕಾಯುತ್ತಿರುವ ಮಕ್ಕಳೇ, ಎಲ್ಲ ಸಭಿಕರೇ,

ನನ್ನನ್ನು ಪರಿಚಯಿಸಿದವರು ‘ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ’ ಎಂದರು. ಹಳೆಯ ವಿದ್ಯಾರ್ಥಿ ಹೌದು, ಓದು ಮುಗಿಸಿದ ವಿದ್ಯಾರ್ಥಿ ಅಲ್ಲ. ಒಂಬತ್ತನೇ ತರಗತಿಯ ನಡುವೆಯೇ ಬ್ಯಾಗು ಹೆಗಲಿಗೇರಿಸಿ ಹಿಂದಿನ ಗೇಟಿನಿಂದ ಹೋದವನು ನಾನು. ಆಮೇಲೆ ಪ್ರಿಂಟಿಂಗ್ ಪ್ರೆಸ್ಸು, ಲೇತ್ ಅಂಗಡಿ, ಗಾಜಿನಂಗಡಿ, ಎಲ್ಲ ಕಡೆ ಸೇರಿದೆ, ಎಲ್ಲ ಕಡೆ ಬಿಟ್ಟೆ. ‘ನಿನ್ನ ಕಾಲಲ್ಲಿ ಚಕ್ರ ಇದೆಯೇನೋ’ ಎಂದು ನಮ್ಮಕ್ಕ ಬೈಯುತ್ತಾಳೆ. ಈಗ ಕಿಟಕಿ ಬಾಗಿಲು ಮಾಡುವ ಅಂಗಡಿಯಲ್ಲಿದ್ದೇನೆ. ಅಲ್ಲಿ ಎಷ್ಟು ದಿನ ಎಂದು ಕೇಳಬೇಡಿ, ಮಾಲೀಕರು ಮೂರನೇ ಸಾಲಿನಲ್ಲಿ ಕೂತಿದ್ದಾರೆ.

‘ಹಿತ್ತಲಿನ ಮೊದಲ ಟೆಲಿಸ್ಕೋಪನ್ನು ಉತ್ತಮಪಡಿಸಿಕೊಳ್ಳುವುದು ಹೇಗೆ’ ಎಂಬುದು ನನಗೆ ಕೊಟ್ಟ ವಿಷಯ. ಆ ಟೆಲಿಸ್ಕೋಪನ್ನು ಸಂಜೆ ನೀವೆಲ್ಲ ಅಂಗಳದಲ್ಲಿ ನೋಡಿದಿರಿ. ಇವತ್ತು ಅದನ್ನು ಶಾಲೆಗೆ ಕೊಡುತ್ತಿದ್ದೇನೆ. ಅದು ಅಕ್ಕನ ಜೊತೆ ಕೆಲಸ ಮಾಡುವವರೊಬ್ಬರ ಅಟ್ಟದ ಮೇಲೆ ಬಿದ್ದಿತ್ತು. ಡಬ್ಬದ ಮೇಲೆ ಬಣ್ಣಬಣ್ಣದ ನಕ್ಷತ್ರಗಳ ಚಿತ್ರ, ಒಳಗೆ ಗುಬ್ಬಿ ಕಾಲಿನಂಥ ಸ್ಟ್ಯಾಂಡು. ಕೆಮ್ಮಿದರೆ ಚಂದ್ರ ಕುಣಿಯುತ್ತಿದ್ದ.

ಮೊದಲು ಆ ಸ್ಟ್ಯಾಂಡನ್ನು ಕಿತ್ತು ಹಾಕಿ, ಅಂಗಡಿಯಲ್ಲಿ ಉಳಿದ ಪ್ಲೈವುಡ್ ತುಂಡುಗಳಿಂದ ಮೂರು ಕಡೆ ಗೋಡೆಯಿರುವ ಪೆಟ್ಟಿಗೆ ಮಾಡಿದೆ. ಕೊಳವೆ ಅದರಲ್ಲಿ ತೊಟ್ಟಿಲಿನಂತೆ ಕೂತಿತು. ಬೆರಳಲ್ಲಿ ತಳ್ಳಿದರೆ ಜಾರಬೇಕು, ಬಿಟ್ಟರೆ ನಿಲ್ಲಬೇಕು. ಅದಕ್ಕೆ ಹಳೆಯ ಕೇರಂ ಬೋರ್ಡನ್ನು ವೃತ್ತಾಕಾರವಾಗಿ ಕತ್ತರಿಸಿ ಅಡಿಗೆ ಹಾಕಿದೆ. ಕೊಳವೆಯ ಒಳಗೋಡೆ ಮಿಂಚುತ್ತಿತ್ತು, ಬೀದಿ ದೀಪವೆಲ್ಲ ಚಂದ್ರನ ಜೊತೆ ಒಳಗೆ ಬರುತ್ತಿತ್ತು. ಕರಿಹಲಗೆಗೆ ಹಚ್ಚುವ ಬಣ್ಣ ಬಳಿದೆ. ಚಿತ್ರವನ್ನು ಸ್ಪಷ್ಟಗೊಳಿಸುವ ನಾಬ್ ತೀರಾ ಸಣ್ಣದು. ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದೆ. ಕ್ಲಿಪ್ಪಿನ ತುದಿಯನ್ನು ಕೂದಲೆಳೆಯಷ್ಟು ಸರಿಸಿದರೂ ಸಾಕು, ಚಂದ್ರನ ಗುಳಿಗಳ ಅಂಚು ಬ್ಲೇಡಿನಂತೆ ಆಗುತ್ತದೆ. ಅಕ್ಕ ಮಾತ್ರ ಇವತ್ತಿಗೂ ‘ನನ್ನ ಕ್ಲಿಪ್ಪು ಕೊಡೋ’ ಎನ್ನುತ್ತಾಳೆ.

ಆ ನಾಬ್ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನನ್ನ ಕನ್ನಡಕ ನೋಡಿದಿರಲ್ಲ? ಚಿಕ್ಕಂದಿನಲ್ಲೇ ನನ್ನ ಎರಡೂ ಕಣ್ಣಿನ ಪೊರೆ ತೆಗೆದರು. ಜೊತೆಗೆ ಕಣ್ಣೊಳಗಿನ ಮಸೂರವೂ ಹೋಯಿತು. ಅದರ ಕೆಲಸವನ್ನು ಈ ದಪ್ಪ ಗಾಜು ಮಾಡುತ್ತಿದೆ. ಶಾಲೆಯಲ್ಲಿ ನನ್ನ ಹೆಸರು ಗೂಬೆ. ಹಾಜರಿ ಕರೆಯುವಾಗ ನಿಜವಾದ ಹೆಸರು ಕೂಗಿದರೆ ನಾನೇ ಒಂದು ಗಳಿಗೆ ತಡಬಡಾಯಿಸುತ್ತಿದ್ದೆ. ಟೆಲಿಸ್ಕೋಪಿಗೆ ಮಾತ್ರ ನಾನು ಕನ್ನಡಕ ತೆಗೆದು ಬರಿಗಣ್ಣಿಡಬಹುದು. ನಾಬ್ ತಿರುಗಿಸಿದರೆ ಅದೇ ನನ್ನ ಕಣ್ಣಿಗೆ ಹೊಂದಿಕೊಳ್ಳುತ್ತದೆ. ಜಗತ್ತಿನಲ್ಲಿ ನನಗಾಗಿ ತಿರುಗಿದ ಮೊದಲ ವಸ್ತು ಅದು.

ಈಗ, ಇವತ್ತು ನಾನು ಏನು ಮಾತಾಡಲು ಬಂದಿದ್ದೆ ಎಂಬುದನ್ನು ಹೇಳುತ್ತೇನೆ. ಮೇಡಂ, ಕ್ಷಮಿಸಿ. ನಿಮ್ಮ ಆಹ್ವಾನ ಬಂದ ದಿನದಿಂದ ನಾನು ಈ ಭಾಷಣವನ್ನು ಬಾಯಿಪಾಠ ಮಾಡಿದ್ದು ನಿಮ್ಮ ಮಾನ ಕಳೆಯಲಿಕ್ಕೆ.

ಒಂಬತ್ತನೇ ತರಗತಿಯಲ್ಲಿ ಮೇಡಂ ಮೈಕ್ರೋಸ್ಕೋಪಿನಲ್ಲಿ ಈರುಳ್ಳಿ ಸಿಪ್ಪೆಯ ಜೀವಕೋಶ ತೋರಿಸಿದರು. ತಾವೇ ನೋಡಿ, ತಾವೇ ಸ್ಪಷ್ಟಮಾಡಿ, ‘ಯಾರೂ ನಾಬ್ ಮುಟ್ಟಬಾರದು’ ಎಂದರು. ಸಾಲಾಗಿ ಹೋದೆವು. ಕನ್ನಡಕ ಹಾಕಿದರೆ ಕಣ್ಣು ಹತ್ತಿರ ಹೋಗದು, ತೆಗೆದರೆ ಬರೀ ಮಬ್ಬು. ‘ಏನೂ ಕಾಣ್ತಿಲ್ಲ ಮೇಡಂ’ ಎಂದೆ. ‘ಇಡೀ ಕ್ಲಾಸಿಗೆ ಕಾಣೋದು ನಿನಗೊಬ್ಬನಿಗೆ ಕಾಣಲ್ವಾ? ನೋಡೋಕೆ ಮನಸ್ಸಿಲ್ಲ ಅನ್ನು’ ಎಂದರು ಮೇಡಂ. ಹುಡುಗರು ನಕ್ಕರು. ಎಲ್ಲರೂ ಪುಸ್ತಕ ನೋಡಿ ಜೀವಕೋಶದ ಚಿತ್ರ ಬರೆದರು. ನಾನು ಖಾಲಿ ಹಾಳೆ ಕೊಟ್ಟೆ. ಮರುದಿನ ಆ ಹಾಳೆ ಹಿಡಿಸಿ ನನ್ನನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿದರು. ಅದರ ಮರುದಿನ ನಾನು ಬರಲಿಲ್ಲ.

ಇದನ್ನು ಈ ಮೈಕಿನಲ್ಲಿ ಕೂಗಿ ಹೇಳಿ, ಕೊನೆಗೆ ‘ಮೇಡಂ, ಈಗ ಕಾಣುತ್ತಿದೆಯಾ?’ ಎಂದು ಕೇಳಬೇಕು. ನೀವೆಲ್ಲ ಚಪ್ಪಾಳೆ ಹೊಡೆಯಬೇಕು. ಅದು ನನ್ನ ಯೋಜನೆ.

ಆಗಿದ್ದೇನು? ಸಂಜೆ ಅಂಗಳದಲ್ಲಿ ಟೆಲಿಸ್ಕೋಪ್ ನಿಲ್ಲಿಸುವಾಗ ನನಗೊಂದು ಭಯ. ಇಷ್ಟೊಂದು ಮಕ್ಕಳು ಬಂದು ಒಬ್ಬೊಬ್ಬರೂ ನಾಬ್ ತಿರುವಿದರೆ ಚಂದ್ರನ ಗತಿ ಏನು? ಕನ್ನಡಕ ತೆಗೆದು, ಚಂದ್ರನನ್ನು ಚೂರೂ ಮಸುಕಿಲ್ಲದಂತೆ ಸರಿಮಾಡಿ, ನಾಬ್ ಅಲ್ಲಾಡದ ಹಾಗೆ ಒಂದು ತಿರುಪು ಬಿಗಿದೆ. ಅದಕ್ಕಾಗಿಯೇ ಹಿಂದಿನ ದಿನ ತೂತು ಕೊರೆದಿದ್ದೆ. ನನ್ನ ಇತ್ತೀಚಿನ ಸುಧಾರಣೆ ಅದು. ಸಾಲದ್ದಕ್ಕೆ ಒಂದು ರಟ್ಟಿನ ಮೇಲೆ ‘ನಾಬ್ ಮುಟ್ಟಬಾರದು’ ಎಂದು ದಪ್ಪಕ್ಷರದಲ್ಲಿ ಬರೆದು ನೇತುಹಾಕಿದೆ.

ಮುಖ್ಯ ಅತಿಥಿಗಳು ನೋಡಿ ‘ಅದ್ಭುತ’ ಎಂದರು. ಅಧ್ಯಕ್ಷರು ‘ಕೈಗೆ ಸಿಗುವ ಹಾಗಿದೆಯಲ್ಲಯ್ಯಾ’ ಎಂದರು. ಮೇಡಂ ‘ಎಷ್ಟು ಸ್ಪಷ್ಟ!’ ಎಂದರು. ಮಕ್ಕಳು ‘ಸೂಪರ್ ಅಣ್ಣ’ ಎನ್ನುತ್ತಾ ಮುಂದೆ ಹೋದರು. ಆಗಾಗ ನಾನೂ ಕನ್ನಡಕ ತೆಗೆದು ನೋಡುತ್ತಿದ್ದೆ. ಚಂದ್ರ ಥಳಥಳ ಹೊಳೆಯುತ್ತಿದ್ದ.

ಆಗ ಎರಡು ಜಡೆಯ ಒಬ್ಬ ಹುಡುಗಿ ಬಂದಳು. ಆರನೇ ತರಗತಿ ಇರಬೇಕು. ಬಹಳ ಹೊತ್ತು ನೋಡಿದಳು.

‘ಅಣ್ಣ, ಏನೂ ಕಾಣ್ತಿಲ್ಲ. ಬರೀ ಬೆಳ್ಳಗೆ ಮಬ್ಬು.’

‘ಸರಿಯಾಗಿ ಕಣ್ಣಿಡು ಪುಟ್ಟಿ.’

‘ಸರಿಯಾಗೇ ಇಟ್ಟಿದೀನಿ. ಇದನ್ನ ಒಂಚೂರು ತಿರುಗಿಸಲಾ?’

‘ಬೋರ್ಡ್ ಓದೋಕೆ ಬರಲ್ವಾ? ಇಷ್ಟು ಜನಕ್ಕೆ ಕಂಡಿದ್ದು ನಿನಗೊಬ್ಬಳಿಗೆ ಕಾಣಲ್ವಾ?’

ಸಭಿಕರೇ, ಈ ಮಾತು ನನ್ನ ಬಾಯಿಂದ ಬಂತು. ಜೋರಾಗಿಯೇ ಬಂತು. ಸಾಲಿನಲ್ಲಿದ್ದವರು ನಕ್ಕರು. ನಕ್ಕರಲ್ಲ ಎಂದು ನನಗೆ ಖುಷಿಯೂ ಆಯಿತು. ಆ ಮಗು ಇನ್ನೊಮ್ಮೆ ಕಣ್ಣಿಟ್ಟು, ಎತ್ತಿ, ನೆಲ ನೋಡುತ್ತಾ ‘ಹ್ಞೂಂ, ಕಾಣ್ತು’ ಎಂದಿತು. ನಾನು ಬೆನ್ನು ತಟ್ಟಿ ‘ಭೇಷ್’ ಎಂದೆ.

ಗಂಟೆ ಹೊಡೆಯಿತು, ಎಲ್ಲರೂ ಸಭಾಂಗಣಕ್ಕೆ ಹೊರಟಿರಿ. ಟೆಲಿಸ್ಕೋಪಿಗೆ ಬಟ್ಟೆ ಹೊದಿಸಲೆಂದು ನಾನು ಕನ್ನಡಕ ಹಾಕಿಕೊಂಡೆ. ಚಂದ್ರ ಇನ್ನೂ ಇದ್ದಾನಾ ಎಂದು ಹಾಗೇ, ಕನ್ನಡಕದಲ್ಲೇ, ಇಣುಕಿದೆ. ಚಂದ್ರ ಇರಲಿಲ್ಲ. ನೀರಿನಲ್ಲಿ ನೆನೆದ ಸಾಬೂನಿನಂಥ ಒಂದು ಬಿಳಿ ಮುದ್ದೆ ಇತ್ತು. ಕನ್ನಡಕ ತೆಗೆದೆ, ಚಂದ್ರ. ಹಾಕಿದೆ, ಮುದ್ದೆ.

ಆಗ ಅರ್ಥವಾಯಿತು. ನಾನು ಅದನ್ನು ಮಸೂರವಿಲ್ಲದ ನನ್ನ ಕಣ್ಣಿಗೆ ಬಿಗಿದಿದ್ದೆ. ಕನ್ನಡಕ ಹಾಕಿದರೆ ನನ್ನ ಕಣ್ಣೂ ನಿಮ್ಮ ಕಣ್ಣಿನ ಹಾಗೆಯೇ. ಒಳ್ಳೆಯ ಕಣ್ಣಿದ್ದ ನಿಮ್ಮಲ್ಲಿ ಯಾರಿಗೂ ಅದರಲ್ಲಿ ಏನೂ ಕಂಡಿರಲು ಸಾಧ್ಯವೇ ಇಲ್ಲ. ಕಾಣಲಿಲ್ಲ ಅಲ್ಲವೇ? ಅಧ್ಯಕ್ಷರು ನಗುತ್ತಿದ್ದಾರೆ. ನಿಮ್ಮದು ದಾಕ್ಷಿಣ್ಯ, ಅದನ್ನು ತಪ್ಪೆನ್ನುವುದಿಲ್ಲ. ನನ್ನದಕ್ಕೆ ಏನೆನ್ನಲಿ? ಇಷ್ಟು ವರ್ಷ ನಾನು ಹೊಟ್ಟೆಯೊಳಗೆ ಇಟ್ಟುಕೊಂಡು ಕಾವು ಕೊಟ್ಟ ಮಾತನ್ನೇ ಒಂದು ಮಗುವಿಗೆ ಹೇಳಿದೆ. ಮೇಡಂ ಹೇಳಿದಾಗ ನಾನು ಸುಳ್ಳು ಹೇಳಲಿಲ್ಲ, ಮೇಡಂ ನನ್ನಿಂದ ಸುಳ್ಳು ಹೇಳಿಸಲೂ ಇಲ್ಲ. ನಾನು ಹೇಳಿಸಿದೆ. ಹೇಳಿಸಿ ಬೆನ್ನು ತಟ್ಟಿದೆ. ಮೇಡಂ ಅವರ ಮಾನ ಕಳೆಯಲು ಬಂದವನು ಈಗ ಅವರ ಕಡೆ ತಿರುಗಿ ನೋಡಲೂ ಆಗದೆ ನಿಂತಿದ್ದೇನೆ.

ಮೇಡಂ, ನೀವು ಮಕ್ಕಳಿಗೆ ‘ನಾನು ಕಂಡ ಚಂದ್ರ’ ಎಂದು ಪ್ರಬಂಧ ಬರೆದು ತರಲು ಹೇಳಿದ್ದೀರಿ ಎಂದು ಕೇಳಿದೆ. ನನ್ನದೊಂದು ಬೇಡಿಕೆ. ಯಾರಾದರೂ ‘ಏನೂ ಕಾಣಲಿಲ್ಲ’ ಎಂದು ಬರೆದರೆ ಅದು ಸರಿಯುತ್ತರ. ಗುಳಿಗಳ ವರ್ಣನೆ ಬರೆದವರನ್ನು ಬೈಯಬೇಡಿ, ಅವರಿಗೆ ನಮ್ಮ ಭಯ.

ಎರಡು ಜಡೆಯ ಪುಟ್ಟಿ, ನಿನ್ನ ಹೆಸರು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಇಲ್ಲಿ ಕೂಗುವುದಿಲ್ಲ. ಎಲ್ಲರೂ ತಿರುಗಿ ನೋಡಿದರೆ ಹೇಗಿರುತ್ತದೆ ಎಂದು ನನಗೆ ಗೊತ್ತು. ನೀನು ಮೊದಲು ಹೇಳಿದ್ದೇ ನಿಜ, ಎರಡನೆಯದು ನನ್ನ ಸುಳ್ಳು, ನಿನ್ನದಲ್ಲ. ವೇದಿಕೆ ಹತ್ತುವ ಮೊದಲೇ ಆ ತಿರುಪು ಬಿಚ್ಚಿದ್ದೇನೆ, ರಟ್ಟನ್ನು ಹರಿದು ಹಾಕಿದ್ದೇನೆ. ಚಂದ್ರ ಇನ್ನೂ ಮೇಲಿದ್ದಾನೆ. ಮನಸ್ಸು ಬಂದರೆ ಹೋಗಿ ನೀನೇ ತಿರುಗಿಸಿಕೊಂಡು ನೋಡು. ನಾನು ಹತ್ತಿರ ಬರುವುದಿಲ್ಲ, ಕಂಡಿತಾ ಎಂದು ಕೇಳುವುದೂ ಇಲ್ಲ. ಬೇಡ ಅನ್ನಿಸಿದರೆ ಬೇಡ.

ನೀವು ನನಗೆ ಕೊಡಬೇಕೆಂದಿರುವ ಫಲಕ ಮೇಜಿನ ಮೇಲೇ ಇರಲಿ, ಇವತ್ತು ಅದನ್ನು ಹಿಡಿದುಕೊಂಡು ಫೋಟೋಗೆ ನಿಲ್ಲುವ ಮುಖ ನನಗಿಲ್ಲ. ಇಷ್ಟು ಹೊತ್ತು ಸಹಿಸಿದ ಎಲ್ಲರಿಗೂ, ಹಾಡಿಗಾಗಿ ಕಾದ ಮಕ್ಕಳಿಗೂ, ನನ್ನನ್ನು ಮತ್ತೆ ಈ ಶಾಲೆಗೆ ಕರೆಸಿದ ಮೇಡಂ ಅವರಿಗೂ ನನ್ನ ಕೃತಜ್ಞತೆ. ನಮಸ್ಕಾರ.