ಮಣ್ಣು ಕುದ್ರೆ ಮ್ಯಾಲೆ ಬಂದೋಳು

ಬಾಗ್ಲು ಹಾಕ್ಕೊಂಡು ಅತ್ರ ಬನ್ನಿ. ಇದನ್ನ ನಾನು ಜೋರಾಗಿ ಏಳಾಕಿಲ್ಲ...

ನಮ್ಮ ದೊಡ್ಡಪ್ಪನ ಮಗಳು ಮಾದಮ್ಮಕ್ಕ, ತಮಿಳುನಾಡಿನ ಮೇಚೇರಿ ಕಡೆಯೋಳು. ತೊಂಬತ್ನಾಕ್ರಲ್ಲಿ ಅವ್ಳ ತಂಗಿ ರಾಧಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ಲು. ಒಂದಿನ ರಾತ್ರಿ ಇದ್ದಕ್ಕಿದ್ದಂಗೆ ನೋವು. ಕಡೇ ಬಸ್ಸು ಓಗ್ಬಿಟ್ಟಿತ್ತು. ಮಾದಮ್ಮಕ್ಕ ಬ್ಯಾಟ್ರಿ ಇಡ್ಕೊಂಡು ಪಕ್ಕದೂರಿಗೆ ಓಡಿದ್ಲು. ಸೂಲಗಿತ್ತಿ ಚಿನ್ನತಾಯೀನ ಎಬ್ಬಿಸ್ಕೊಂಡು ತಿರುಗಿ ಹೊರಟ್ಲು.

ಬರೋ ದಾರೀಲಿ ಮುನಿಯಪ್ಪ ದೇವ್ರ ಆಲದಮರ. ಬುಡದಾಗೆ ಹರಕೆಗೆ ಕೊಟ್ಟ ಮಣ್ಣು ಕುದ್ರೆಗಳು, ಆಳೆತ್ತರ ನಿಂತವೆ. ಬಸುರಿಯಾಗಿ ಸತ್ತೋಳ್ಗೆ ನಡ್ಕೊಂಡು ಓಗಾಕಾಗಲ್ಲ, ಆ ಕುದ್ರೆ ಹತ್ತೇ ಓಗೋದು ಅಂತ ನಮ್ಮ ಅಜ್ಜೀರು ಏಳೋರು.

ಇಬ್ರೂ ಮರ ದಾಟಿದ್ರು. ಬೆನ್ನಿಂದೆ... ಡಣ್.

ಲಾಳದ ಸದ್ದಲ್ಲ. ಬರಿ ಮಡಕೇನ ಕಲ್ಲಿನ ಮ್ಯಾಲೆ ಇಟ್ಟಂಗೆ. ಡಣ್... ಡಣ್... ಇವ್ರು ನಿಂತ್ರೆ ಅದೂ ನಿಲ್ತದೆ.

"ತಿರುಂಬಿ ಪಾಕ್ಕಾದೆ," ಅಂದ್ಲು ಚಿನ್ನತಾಯಿ ಉಸಿರಲ್ಲೇ. ತಿರುಗಿ ನೋಡ್ಬ್ಯಾಡ ಅಂತ. ಅಕ್ಕನ ಮಣಿಕಟ್ಟು ಬಿಗಿಯಾಗಿ ಇಡ್ಕೊಂಡ್ಲು.

ಆಗ ಒಂದು ದನಿ. ತಲೆಗಿಂತ ಎತ್ತರದಿಂದ.

"ಅಕ್ಕಾ..."

ರಾಧಾ ದನಿ.

ಮಾದಮ್ಮಕ್ಕ ತಡ್ಯಾಕಾಗ್ದೆ ಕೇಳೇಬಿಟ್ಲು. "ಎಲ್ಲಿಗೆ ಓಯ್ತಿದ್ದೀಯೇ?"

"ಗೊತ್ತಿಲ್ಲ ಅಕ್ಕಾ. ನಡ್ಯಾಕಾಗ್ಲಿಲ್ಲ... ಅದಕ್ಕೇ ಹತ್ಬಿಟ್ಟೆ. ಕೂಸ್ನಾದ್ರೂ ಇಸ್ಕೋ ಅಕ್ಕಾ. ಕೈ ನೋಯ್ತೈತೆ."

ಅಕ್ಕ ತಿರುಗ್ಲಿಲ್ಲ. ಇನ್ನೊಂದು ಕೈ ಮಾತ್ರ ಹಿಂದಕ್ಕೆ ಚಾಚಿದ್ಲು. ಅಂಗೈಗೆ ಏನೋ ತಾಗ್ತು... ಒದ್ದೆ, ಬೆಚ್ಚಗೆ. ಚಿನ್ನತಾಯಿ ಆ ಕೈಗೆ ಪಟ್ಟಂತ ಒಡೆದ್ಲು.

"ಅದು ನಿನ್ ತಂಗಿ ಅಲ್ಲ! ಅವ್ಳು ಮನ್ಯಾಗೆ ನಮ್ಗೆ ಕಾಯ್ತಾವ್ಳೆ. ನಡಿ!"

ದರದರ ಎಳ್ಕೊಂಡು ಓಡಿದ್ಲು. ಡಣ್ ಡಣ್ ಡಣ್ ಅನ್ನೋದು ಗುಡ್ಡದ ಕಡೆ ತಿರುಗ್ತು, ಸಣ್ಣಗಾಯ್ತು. ಕೂಸು ಅತ್ತಂಗೆ ಕೇಳಿಸ್ತು... ಒಂದೇ ಸಲ.

ಮನೆ ಬಾಗ್ಲಲ್ಲಿ ದೊಡ್ಡಮ್ಮ ಎದೆ ಬಡ್ಕೊಂತಿದ್ಲು. ರಾಧಾ ಓಗ್ಬಿಟ್ಟಿದ್ಲು. "ಹೆರಿಗೇನೇ ಆಗ್ಲಿಲ್ವೇ, ನೋವಲ್ಲೇ ಜೀವ ಓಯ್ತಲ್ಲೇ" ಅಂತ ಗೋಳಾಡಿದ್ಲು. ಮಗಳ ತಲೇನ ತೊಡೆ ಮ್ಯಾಲೆ ಇಟ್ಕೊಂಡು ಕೂತಿದ್ದೋಳು, ಉಸಿರು ನಿಲ್ಲೋಗಂಟ ಒಂದ್ಗಳಿಗೇನೂ ಎದ್ದಿರ್ಲಿಲ್ಲ.

ಮಾದಮ್ಮಕ್ಕ ಇವತ್ತಿಗೂ ಯಾರ ಕೂಸ್ನೂ ಎತ್ಕೊಳ್ಳಾಕಿಲ್ಲ. ಬಲವಂತ ಮಾಡಿದ್ರೆ ಒಂದೇ ಮಾತು. "ಅವತ್ತು ಇಸ್ಕೋಬೇಕಿತ್ತು."

ಸುಳ್ಳು ಅಂತೀರಾ? ಬೆಳಗ್ಗೆ ರಾಧಂಗೆ ನೀರು ಉಯ್ದಿದ್ದು ನಾನೇ. ಚಿನ್ನತಾಯಿ ಅವ್ಳ ಸೀರೆ ಸಡ್ಲಿಸಿ ಹೊಟ್ಟೆ ಮ್ಯಾಲೆ ಕೈ ಇಟ್ಟೋಳು, ಹಂಗೇ ನನ್ನ ಮುಖ ನೋಡಿದ್ಲು. ನಾನೂ ಮುಟ್ಟಿ ನೋಡ್ದೆ.

ಹೊಟ್ಟೆ ಇಳಿದಿತ್ತು. ಒಳಗೆ ಕೂಸಿರ್ಲಿಲ್ಲ.