ಲಾರಿ ಬಂತು, ಭಾವ ಬರಲಿಲ್ಲ

ಬಾಗಿಲು ಹಾಕಿದ್ದೀರಿ ತಾನೆ?... ಸರಿ, ಹತ್ತಿರ ಬನ್ನಿ. ಇದು ಯಾರೋ ಯಾರಿಗೋ ಹೇಳಿ ನನ್ನ ಕಿವಿಗೆ ಬಿದ್ದ ಕತೆಯಲ್ಲ. ನನ್ನ ದೊಡ್ಡಮ್ಮನ ಮಗನಿಗೇ ಆದದ್ದು. ನಾನು ಅವನನ್ನು ಅಣ್ಣ ಎನ್ನುತ್ತೇನೆ. ಅಣ್ಣ ಲಾರಿ ಓಡಿಸುವವನು, ದೆವ್ವ ಎಂದರೆ ಹೊಟ್ಟೆ ಹಿಡಿದುಕೊಂಡು ನಗುವವನು. "ರಾತ್ರಿ ರಸ್ತೇಲಿ ದೆವ್ವಕ್ಕೆ ಯಾಕೋ ಹೆದರ್ತೀಯ, ಎದುರಿಗೆ ನಿದ್ದೆಗಣ್ಣಲ್ಲಿ ಬರೋ ಡ್ರೈವರಿಗೆ ಹೆದರು" ಎನ್ನುತ್ತಿದ್ದ. ಈಗ ಆ ಮಾತು ಬಿಟ್ಟಿದ್ದಾನೆ.

ಆವತ್ತು ಕಲ್ಲು ಕರಗುವ ಹೊತ್ತು. ಅಣ್ಣ ಲಾರಿ ಯಾರ್ಡಿನಿಂದ ತನ್ನ ಅಕ್ಕನ ಮನೆಗೆ ನಡೆದು ಹೊರಟಿದ್ದ. ದಾರಿಯಲ್ಲಿ ಒಂದು ಹಾಳು ಬಾವಿ... ಕಟ್ಟೆ ಅರ್ಧ ಕುಸಿದಿದೆ, ಮೇಲೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಅಲ್ಲಿ ಬಲಕ್ಕೆ ತಿರುಗಿದರೆ ಅಕ್ಕನ ಗಲ್ಲಿ. ಅಣ್ಣ ಬಿರಬಿರನೆ ಹೆಜ್ಜೆ ಹಾಕುತ್ತಿದ್ದ. ಯಾಕೆಂದರೆ ಆ ಗಲ್ಲಿಗೆ ಆಂಬುಲೆನ್ಸ್ ತಿರುಗಿದ್ದನ್ನು ಅವನು ಲಾರಿಯ ಕನ್ನಡಿಯಲ್ಲಿ ನೋಡಿದ್ದ. ಅದರೊಳಗೆ ಅಕ್ಕನ ಗಂಡ, ನಮ್ಮ ಭಾವ, ಹೆಣವಾಗಿ ಮಲಗಿದ್ದ. ಅಕ್ಕ ಒಬ್ಬಳೇ ಬಾಗಿಲು ತೆಗೆದು ಅದನ್ನು ನೋಡಬಾರದು, ಅದಕ್ಕೆ ಮೊದಲು ತಾನು ಅಲ್ಲಿರಬೇಕು ಎಂಬುದೊಂದೇ ಅವನ ತಲೆಯಲ್ಲಿ.

ಬಾವಿಯ ಹತ್ತಿರ ಒಂದು ಸದ್ದು ಕೇಳಿಸಿತು. ಟಿಕ್... ಟಿಕ್... ಟಿಕ್... ದೂರದಿಂದ ಓಡಿಬಂದ ಇಂಜಿನ್ ಆರಿಸಿದ ಮೇಲೆ, ಕಾದ ಕಬ್ಬಿಣ ತಣಿಯುವ ಸದ್ದು ಅದು. ಲಾರಿಯವರಿಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಸದ್ಯ, ಗಾಡಿ ಬಂದು ನಿಂತಿದೆ ಎಂದುಕೊಂಡು ಬಲಕ್ಕೆ ತಿರುಗಿದ.

ಗಲ್ಲಿ ಖಾಲಿ... ಒಂದು ಸೈಕಲ್ಲೂ ಇರಲಿಲ್ಲ. ಸದ್ದು ಮಾತ್ರ ಇನ್ನೂ ಬರುತ್ತಿತ್ತು, ಟಿಕ್... ಟಿಕ್... ಆಮೇಲೆ ಅದೂ ನಿಂತಿತು.

ಇನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ಯಾರ್ಡಿನಲ್ಲಿ ಭಾವನನ್ನು ಎಲ್ಲರೂ ಕರೆಯುತ್ತಿದ್ದದ್ದು ಆಮೆ ಎಂದು. ಅಷ್ಟು ನಿಧಾನ, ಅಷ್ಟು ಜೋಪಾನ. ಮೊಟ್ಟೆಯ ಲೋಡು ಬಂದರೆ ಲಾರಿ ಯಜಮಾನ ಬೇರೆ ಯಾರನ್ನೂ ನಂಬುತ್ತಿರಲಿಲ್ಲ, "ಕರೀರಿ ನಮ್ಮ ಆಮೇನ" ಎನ್ನುತ್ತಿದ್ದ. ಹೆಗಲ ಮೇಲೆ ಕೈ ಹಾಕಿ, "ಇವನು ನನ್ನ ಒಡಹುಟ್ಟಿದವನಿದ್ದ ಹಾಗೆ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ. ಭಾವ ಉಬ್ಬಿಹೋಗಿ ಅದನ್ನು ಮನೆಯಲ್ಲಿ ಹೇಳಿಕೊಂಡರೆ ಅಕ್ಕ ಛೇಡಿಸುತ್ತಿದ್ದಳು: "ಒಡಹುಟ್ಟಿದವರಾದ್ರೆ ಒಂದು ಭಾನುವಾರ ರಜ ಕೊಡಿ ಅನ್ನಿ, ನೋಡೋಣ." ಆ ಕೊನೆಯ ಸಲವೂ ಭಾವ ಒಂದು ಟ್ರಿಪ್ ಮುಗಿಸಿ ಬಂದು ಎದೆ ಹಿಡಿದ ಹಾಗಿದೆ ಎಂದಿದ್ದ. ಯಜಮಾನ, "ಇದೊಂದು ಮುಗಿಸಿಬಿಡು ಮಾರಾಯ, ಆಮೇಲೆ ಬೇಕಾದಷ್ಟು ಮಲಗು" ಎಂದು ಕಳಿಸಿದ. ಬಾಯಿಂದ ಬಂದ ಮಾತು ನೋಡಿ, ಹೇಗೆ ತಟ್ಟಿತು!

ದೂರದ ಊರೊಂದರ ಹೊರಗೆ ಭಾವ ಲಾರಿಯನ್ನು ಎಡಕ್ಕೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಇಂಡಿಕೇಟರ್ ಹಾಕಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಸತ್ತಿದ್ದ. ಲೋಡಿನಲ್ಲಿ ಒಂದು ಮೊಟ್ಟೆಯೂ ಒಡೆದಿರಲಿಲ್ಲ. ಯಜಮಾನ ಅಣ್ಣನನ್ನು ಬಸ್ಸು ಹತ್ತಿಸಿ ಕಳಿಸಿದ. ಅಣ್ಣ ಹೋಗಿ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಭಾವನ ಮುಖ ನೋಡಿ ಗೋಡೆಗೊರಗಿ ಕೂತಿದ್ದಾಗ ಯಜಮಾನನ ಫೋನು ಬಂತು.

"ನೀನು ಲಾರಿ ತಗೊಂಡು ಹೊರಡು. ಲೋಡು ಇವತ್ತು ರಾತ್ರಿ ತಲುಪಲೇಬೇಕು."

"ಭಾವನ್ನ ಬಿಟ್ಟು ಹೇಗೆ ಬರ್ಲಿ ಸಾರ್? ಅಕ್ಕಂಗೆ ಮಾತು ಕೊಟ್ಟು ಬಂದಿದೀನಿ, ಕರ್ಕೊಂಡೇ ಬರ್ತೀನಿ ಅಂತ."

"ಅಯ್ಯೋ, ಅವನು ನನಗೇನು ಹೊರಗಿನವನೇನಪ್ಪ? ಆಂಬುಲೆನ್ಸಿಗೆ ಹೇಳಿಯಾಯ್ತು. ನಿನ್ನ ಹಿಂದೇನೇ ಬರುತ್ತೆ. ನನ್ನ ಮೇಲೆ ಬಿಡು."

ಅಣ್ಣ ಅವನ ಮೇಲೆ ಬಿಟ್ಟ. ಅಷ್ಟು ವರ್ಷ ಉಪ್ಪು ತಿಂದ ಮನೆ, ನಂಬದೆ ಏನು ಮಾಡುತ್ತಾನೆ?

ಊರು ದಾಟುತ್ತಿದ್ದ ಹಾಗೆ ಕನ್ನಡಿಯಲ್ಲಿ ಎರಡು ದೀಪ ಕಂಡವು. ಅಣ್ಣ ನಿಧಾನ ಮಾಡಿದರೆ ಅವೂ ನಿಧಾನ, ಏರಿನಲ್ಲಿ ಗೇರು ಇಳಿಸಿದರೆ ಅವೂ ಹಿಂದೆ ಬಿದ್ದು ಕಾಯುತ್ತಿದ್ದವು. ಬಂತಲ್ಲ ಎಂದುಕೊಂಡ. ಜೊತೆಯಲ್ಲಿ ಹೊರಟ ಲಾರಿಗಳವರಿಗೆ ಒಂದು ಪದ್ಧತಿ ಇದೆ. ಮುಂದಿನವನು ಬಲಗಡೆ ಇಂಡಿಕೇಟರ್ ಎರಡು ಸಲ ಮಿಟುಕಿಸಿ, ಹಿಂದೆ ಇದ್ದೀಯಾ ಎಂದು ಕೇಳುತ್ತಾನೆ. ಹಿಂದಿನವನು ದೀಪ ತಗ್ಗಿಸಿ ಎತ್ತಿದರೆ ಇದ್ದೇನೆ, ನೀನು ನಡಿ ಎಂದು ಅರ್ಥ. ಅದನ್ನು ಅಣ್ಣನಿಗೆ ಕಲಿಸಿದವನೇ ಭಾವ. ಸುಮ್ಮನೆ, ಅಭ್ಯಾಸಬಲದಿಂದ, ಅಣ್ಣ ಇಂಡಿಕೇಟರ್ ಮಿಟುಕಿಸಿದ. ಟಕ್-ಟಕ್... ಟಕ್-ಟಕ್...

ಹಿಂದಿನ ದೀಪ ತಗ್ಗಿತು. ಎದ್ದಿತು.

ಆಂಬುಲೆನ್ಸಿನವನಿಗೆ ಲಾರಿಯವರ ಭಾಷೆ ಎಲ್ಲಿಂದ ಬಂತು ಎಂದು ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಅವನು ಜೀವಸಹಿತ ಯಾರ್ಡು ಮುಟ್ಟುತ್ತಿದ್ದನೋ ಇಲ್ಲವೋ! ರಾತ್ರಿಯುದ್ದಕ್ಕೂ ಆಗಾಗ ಕೇಳಿದ, ಆಗಾಗ ಉತ್ತರ ಬಂತು. ಕೊನೆಗೆ ಬಾವಿಯ ತಿರುವಿನಲ್ಲಿ ಅಣ್ಣ ನೇರ ಯಾರ್ಡಿಗೆ ಹೋದ, ದೀಪಗಳು ಅಕ್ಕನ ಗಲ್ಲಿಗೆ ತಿರುಗಿದವು.

ಯಾರ್ಡಿನಲ್ಲಿ ಯಜಮಾನ ಟಾರ್ಚು ಹಿಡಿದು ತಾನೇ ಲಾರಿ ಹತ್ತಿದ. ಟ್ರೇ ಮೇಲೆ ಟ್ರೇ ಎತ್ತಿ ನೋಡಿದ. "ಭೇಷ್! ಒಂದೂ ಒಡೆದಿಲ್ಲ ಕಣೋ" ಎಂದ. ಭಾವನ ಸುದ್ದಿ ಎತ್ತಲಿಲ್ಲ.

"ಆಂಬುಲೆನ್ಸ್ ಅಕ್ಕನ ಮನೆ ಕಡೆ ತಿರುಗಿತು ಸಾರ್. ನಾನು ಹೋಗ್ತೀನಿ" ಎಂದ ಅಣ್ಣ.

ಯಜಮಾನನ ಕೈಯ ಟಾರ್ಚು ಒಂದು ಗಳಿಗೆ ಅಲ್ಲಾಡದೆ ನಿಂತಿತು. "ಹಾಂ... ಹೋಗು, ಹೋಗು" ಎಂದ. ಆಗಲಾದರೂ ನಿಜ ಹೇಳಬಹುದಿತ್ತು, ನೋಡಿ. ಹೇಳಲಿಲ್ಲ.

ಹಾಗೆ ನಡೆದು ಬಂದವನೇ ಅಣ್ಣ ಆ ಖಾಲಿ ಗಲ್ಲಿಯಲ್ಲಿ ನಿಂತದ್ದು. ಅಕ್ಕ ಬಾಗಿಲು ತೆರೆದುಕೊಂಡು ಹೊಸ್ತಿಲಲ್ಲೇ ಕೂತಿದ್ದಳು. ಒಳಗೆ ನಡುಮನೆ ಗುಡಿಸಿ, ಮಂಚ ಗೋಡೆಗೆ ಸರಿಸಿ, ನೆಲದಲ್ಲಿ ಭಾವನನ್ನು ಮಲಗಿಸಲು ಜಾಗ ಮಾಡಿದ್ದಳು.

"ಎಲ್ಲಿ ಅವರು?" ಪಿಸುಮಾತಿನಲ್ಲಿ ಕೇಳಿದಳು.

"ನನಗಿಂತ ಮುಂಚೆ ಬಂದ್ರಲ್ಲಕ್ಕ... ಗಾಡಿ ಬರ್ಲಿಲ್ವಾ?"

"ಬಂತು. ಬಾಗಿಲ ಮುಂದೆ ನಿಂತಿತು, ಇಂಜಿನ್ ಆರಿಸಿದ್ದೂ ಕೇಳಿಸ್ತು. ಎದ್ದು ಬಂದು ನೋಡಿದ್ರೆ ಯಾರೂ ಇಲ್ಲ."

ಅಣ್ಣ ಫೋನು ತೆಗೆದ. ಆಸ್ಪತ್ರೆಯ ಕಾವಲುಗಾರನ ನಂಬರ್ ಅವನ ಹತ್ತಿರ ಇತ್ತು. ಬಹಳ ಹೊತ್ತು ರಿಂಗಾದ ಮೇಲೆ ಅವನು ಎತ್ತಿದ.

"ಯಾವ ಆಂಬುಲೆನ್ಸಪ್ಪ? ನಿಮ್ಮವರು ಇಲ್ಲೇ ಒಳಗೆ ಮಲಗಿದಾರೆ. ನಿಮ್ಮ ಯಜಮಾನರು ಸಂಜೇನೇ ಫೋನ್ ಮಾಡಿದ್ರು, ಮನೆಯವರು ಯಾವಾಗಾದ್ರೂ ಬಂದು ತಗೊಂಡು ಹೋಗ್ತಾರೆ ಅಂತ."

ಅಕ್ಕನಿಗೂ ಅದು ಕೇಳಿಸಿತು. ಅವಳು ಅಳಲಿಲ್ಲ. ತಮ್ಮನ ಮುಖವನ್ನೇ ನೋಡಿ, "ಬಿಟ್ಟು ಬಂದ್ಯಾ?" ಎಂದಳು, ಅಷ್ಟೇ. ಆ ಎರಡು ಮಾತು ಅವನ ಎದೆಯಲ್ಲಿ ಇವತ್ತಿಗೂ ಹಾಗೇ ಇದೆ. ಹೊಡೆದಿದ್ದರೆ ಚೆನ್ನಾಗಿತ್ತು ಎನ್ನುತ್ತಾನೆ.

ಇಬ್ಬರೂ ಯಾರ್ಡಿಗೆ ಬಂದರು. ಲೋಡು ಇಳಿಸಿ ಮುಗಿದಿತ್ತು. ಹಮಾಲರೆಲ್ಲ ಗೋಡೆ ಪಕ್ಕ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಅಣ್ಣ ಯಜಮಾನನ ಎದುರು ನಿಂತು ಕೇಳಿದ, "ಆಂಬುಲೆನ್ಸ್ ಕಳಿಸ್ತೀನಿ ಅಂದಿದ್ರಿ."

"ನೋಡಪ್ಪ," ಯಜಮಾನ ದನಿ ತಗ್ಗಿಸಿದ, "ಗಾಡಿ ತರೋದು ನನ್ನ ಜವಾಬ್ದಾರಿ. ಸತ್ತವರನ್ನ ತರೋದು ಮನೆಯವರಿಗೆ ಬಿಟ್ಟದ್ದು. ಎಲ್ಲಾ ಕಡೆ ನಡೆಯೋದೇ ಹಾಗೆ."

"ಮತ್ತೆ ಸುಳ್ಳು ಯಾಕೆ ಹೇಳಿದ್ರಿ?"

"ಹೇಳದಿದ್ರೆ ನೀನು ಲಾರಿ ತರ್ತಿದ್ಯಾ?"

ಇದನ್ನು ಅವನು ನಾಚಿಕೆಯಿಲ್ಲದೆ, ಲೆಕ್ಕ ಸರಿ ಮಾಡುವವನ ದನಿಯಲ್ಲಿ ಹೇಳಿದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಗಾದೆ ಕೇಳಿದ್ದೆ, ಆವತ್ತು ಕಣ್ಣಾರೆ ನೋಡಿದೆ. ಮೂಗಿಗೆ ತುಪ್ಪ ಸವರಿ ಅಣ್ಣನ ಕೈಯಿಂದಲೇ ಭಾವನನ್ನು ಅನಾಥ ಮಾಡಿಸಿದ್ದ, ಕೊಲೆಗಡುಕ. ನನಗೆ ಈಗ ಹೇಳುವಾಗಲೂ ಮೈ ಉರಿಯುತ್ತದೆ.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಾರಿಯ ಹಿಡಿಕೆ ಹಿಡಿದು ಹತ್ತಿ, ಮುಂದಿನ ಸೀಟಿನಲ್ಲಿ ಕೂತಳು. "ಬಾರೋ, ಹೊರಡು" ಎಂದಳು ತಮ್ಮನಿಗೆ. ಹಮಾಲರೆಲ್ಲ ಒಬ್ಬೊಬ್ಬರೇ ಎದ್ದು ನಿಂತರು. ಯಜಮಾನ ಒಮ್ಮೆ ಅವರನ್ನು, ಒಮ್ಮೆ ಗೇಟನ್ನು ನೋಡಿದ.

"ಹೋಗಿ, ಬೇಡ ಅಂದೋರು ಯಾರು? ಆದ್ರೆ ಡೀಸೆಲ್ ಅಳೆದು ಕಳಿಸಿ. ಇದು ಖಾಸಗಿ ಟ್ರಿಪ್ಪು."

ಡೀಸೆಲ್ ಅಳೆಯುವ ಕೆಲಸ ಆಗ ನನ್ನದು. ಹೌದು, ಅದೇ ಯಾರ್ಡಿನಲ್ಲಿ. ಟ್ಯಾಂಕಿಗೆ ಉದ್ದನೆಯ ಮರದ ಕೋಲು ಇಳಿಸಿ, ಒದ್ದೆ ಎಲ್ಲಿಯವರೆಗೆ ಬರುತ್ತದೆ ಎಂದು ನೋಡುವುದು. ಯಜಮಾನ ಪಕ್ಕದಲ್ಲೇ ನಿಂತು, "ಮೊಳೆಯಿಂದ ಗೀರು ಹಾಕು, ನಾಳೆ ಇಲ್ಲ ಅನ್ನಬಾರದು" ಎಂದ. ಕೋಲಿನ ಮೇಲೆ, ಒದ್ದೆ ನಿಂತಲ್ಲಿ ಗೀರು ಹಾಕಿದೆ.

ಹೋಗುವಾಗ ಬರುವಾಗ ದಾರಿಯಲ್ಲಿ ಏನೂ ಆಗಲಿಲ್ಲವಂತೆ. ಕನ್ನಡಿ ಖಾಲಿ, ಹಿಂದೆ ಯಾವ ದೀಪವೂ ಇಲ್ಲ. ಬರುವಾಗಂತೂ ಬರಬೇಕಾದವನು ಲಾರಿಯೊಳಗೇ ಇದ್ದ, ಇನ್ನು ಯಾರು ಬರುತ್ತಾರೆ? ಅಕ್ಕ ಬರುವಾಗ ಪೂರ್ತಿ ಹಿಂದೆ ಭಾವನ ಪಕ್ಕದಲ್ಲೇ ಕೂತಿದ್ದಳು. ಎಲ್ಲೂ ನಿಲ್ಲಿಸಲಿಲ್ಲ. ನೀರು ಕುಡಿಯಲಿಕ್ಕೂ ಇಳಿಯಲಿಲ್ಲ.

ಭಾವನನ್ನು ಮಣ್ಣು ಮಾಡಿ, ಅಣ್ಣ ಲಾರಿಯನ್ನು ತಂದು ಯಾರ್ಡಿನಲ್ಲಿ ನಿಲ್ಲಿಸಿ, ಕೀಲಿಯನ್ನು ಯಜಮಾನನ ಮೇಜಿನ ಮೇಲೆ ಇಟ್ಟ. ಮತ್ತೆ ಆ ಕೀಲಿ ಮುಟ್ಟಲಿಲ್ಲ. ಯಜಮಾನ ನನ್ನನ್ನು ಕರೆದ. "ಅಳಿ. ಎಷ್ಟು ಇಳಿದಿದೆ ನೋಡು, ಅವಳ ಲೆಕ್ಕಕ್ಕೆ ಹಾಕು."

ನಾನು ಮುಚ್ಚಳ ತಿರುಗಿಸಿದೆ. ಕೋಲು ಇಳಿಸಿದೆ. ತಳಕ್ಕೆ ತಾಗಿ ಠಣ್ ಎಂದಿತು... ಮೇಲೆತ್ತಿದೆ. ನೋಡಿದೆ. ಬಟ್ಟೆಯಿಂದ ಒರೆಸಿ ಮತ್ತೆ ಇಳಿಸಿದೆ. ಯಜಮಾನ ಕೋಲು ಕಿತ್ತುಕೊಂಡು ತಾನೇ ಇಳಿಸಿದ. ಎತ್ತಿ ಬೆಳಕಿಗೆ ಹಿಡಿದ. ಕೋಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅಣ್ಣನ ಜೇಬಿನಲ್ಲಿ ಬಿಡಿಗಾಸು ಇರಲಿಲ್ಲ, ದಾರಿಯಲ್ಲಿ ತುಂಬಿಸಲಿಲ್ಲ ಎಂದು ಅಕ್ಕನೇ ಹೇಳಿದ್ದಾಳೆ. ಗೀರು ಹಾಕಿದವನು ನಾನು, ಎರಡು ಸಲವೂ ಅಳೆದವನು ನಾನು. ಅಷ್ಟು ದೂರ ಹೋಗಿ ಬಂದ ಲಾರಿ... ಡೀಸೆಲ್ ಗೀರಿನಿಂದ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.