ಐದನೆಯ ಹೆಸರು

ಈ ಸಭೆಯ ಅಧ್ಯಕ್ಷರೂ ನಮ್ಮ ಈ ಕನ್ನಡ ಶಾಲೆಗೆ ಮೊದಲಿನಿಂದಲೂ ಬೆನ್ನೆಲುಬಾಗಿ ನಿಂತವರೂ ಆದ ಚೆನ್ನಯಣ್ಣನವರೇ, ಭಾನುವಾರವೂ ಬಿಡದ ಟ್ರಾಫಿಕ್ಕಿನಲ್ಲಿ ಘೋಡಬಂದರ್ ರಸ್ತೆಯಿಂದ ಡೊಂಬಿವಲಿಯವರೆಗೆ ಬಂದಿರುವ ಮುಖ್ಯ ಅತಿಥಿ ನಾಗರಾಜ ಅವರೇ, ಶಿಕ್ಷಕ ಬಂಧುಗಳೇ, ಮಕ್ಕಳ ತಂದೆ ತಾಯಂದಿರೇ, ಈಗಲೇ ಊಟದ ಹಾಲ್‌ನ ಕಡೆ ಮುಖ ಮಾಡಿ ಕೂತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಎಲ್ಲ ಸಭಿಕರೇ.

ನನ್ನ ಕೊರಳಿಗೆ ಹಾರ ಹಾಕಿ, ಹೆಗಲಿಗೆ ಶಾಲು ಹೊದಿಸಿ, ಕೈಗೆ ಮೈಕು ಕೊಟ್ಟು, ‘ಲೋಕನಾಥ ಮಾಸ್ತರೇ, ಹತ್ತೇ ನಿಮಿಷ’ ಎಂದು ಕಿವಿಯಲ್ಲಿ ಹೇಳಿದ್ದಾರೆ. ಮೂವತ್ತೊಂದು ವರ್ಷ ಇದೇ ಶಾಲೆಯಲ್ಲಿ ಪಾಠ ಮಾಡಿದವನಿಗೆ, ಅದರಲ್ಲಿ ಹನ್ನೆರಡು ವರ್ಷ ಹೆಡ್‌ಮಾಸ್ತರನಾಗಿದ್ದವನಿಗೆ, ಹತ್ತು ನಿಮಿಷ ಎಂದರೆ ಹಾಜರಿ ಕೂಗುವುದಕ್ಕೂ ಸಾಲದು. ಆದರೂ ಪ್ರಯತ್ನ ಮಾಡುತ್ತೇನೆ. ಹಸಿದವರು ಕ್ಷಮಿಸಬೇಕು.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ವಿಶೇಷ ಮಕ್ಕಳ ಆಶಾಕಿರಣ’ ಎಂದು ಅಚ್ಚು ಹಾಕಿಸಿದ್ದೀರಿ. ನಾನು ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿ ಮತ್ತೊಂದು ಸಲ ಓದಿದೆ. ಯಾರನ್ನೋ ಕರೆಯಲು ಹೋಗಿ ನನ್ನನ್ನು ಕರೆದಿದ್ದಾರೆ ಅನ್ನಿಸಿತು. ಹೀಗೆ ಅನ್ನಿಸಲು ಕಾರಣವಿದೆ, ಅದನ್ನೇ ಹೇಳಲು ಎದ್ದು ನಿಂತಿದ್ದೇನೆ. ಪತ್ರಿಕೆಯಲ್ಲಿ ಇರಬೇಕಾಗಿದ್ದ ಹೆಸರು ವಾರಿಜಾ ಟೀಚರದ್ದು.

ಇಲ್ಲಿರುವ ಹೊಸ ಶಿಕ್ಷಕರಿಗೆ ವಾರಿಜಾ ಟೀಚರ್ ಯಾರೆಂದು ಗೊತ್ತಿಲ್ಲ. ಎರಡು ಸಾವಿರದ ಆರರಿಂದ ಎರಡು ಸಾವಿರದ ಒಂಬತ್ತರವರೆಗೆ, ಮೂರು ವರ್ಷ, ಅವರು ನಮ್ಮ ಶಾಲೆಗೆ ಬರುತ್ತಿದ್ದರು. ಬರುತ್ತಿದ್ದದ್ದು ಗುರುವಾರ ಮಾತ್ರ. ಶಹಾಡ್‌ನಲ್ಲಿ ಮನೆ. ಗುತ್ತಿಗೆ ಕೆಲಸ, ಹನ್ನೊಂದು ತಿಂಗಳಿಗೊಮ್ಮೆ ಹೊಸ ಆರ್ಡರ್. ಅವರ ಪಾಲಿಗೆ ಆರು ಶಾಲೆಗಳಿದ್ದವು, ವಾರದ ಒಂದೊಂದು ದಿನ ಒಂದೊಂದು ಶಾಲೆ. ನಮಗೆ ಸಿಕ್ಕಿದ್ದು ಗುರುವಾರ. ಬೇರೆಯವರ ಹಾಗೆ ಕಲಿಯಲಾಗದ ಮಕ್ಕಳಿಗೆ ಕಲಿಸುವುದು ಹೇಗೆ ಎಂದು ಓದಿಕೊಂಡು ಬಂದವರು ಇಷ್ಟು ದೊಡ್ಡ ಊರುಗಳಲ್ಲಿ ಆಗ ಬೆರಳೆಣಿಕೆಯಷ್ಟು ಜನ. ಅದರಲ್ಲಿ ಕನ್ನಡ ಬಲ್ಲವರು ಎಷ್ಟು? ನನಗೆ ಗೊತ್ತಿದ್ದಂತೆ ಇವರೊಬ್ಬರೇ.

ಅವರು ಪಾಠ ಮಾಡುತ್ತಿದ್ದದ್ದು ಎಲ್ಲಿ? ಮಹಡಿ ಮೆಟ್ಟಿಲಿನ ಕೆಳಗೆ, ಕ್ರೀಡಾ ಸಾಮಾನು ಇಡುವ ಜಾಗದಲ್ಲಿ. ಕಬಡ್ಡಿ ಚಾಪೆ ಹಾಸಿಕೊಂಡು, ಸ್ಟೀಲಿನ ತಟ್ಟೆಯಲ್ಲಿ ರವೆ ಹರಡಿ, ಅದರಲ್ಲಿ ಮಕ್ಕಳಿಂದ ಬೆರಳಿನಲ್ಲಿ ಅಕ್ಷರ ಬರೆಸುತ್ತಿದ್ದರು. ಕೈಗೆ ತಾಗಿದ ಅಕ್ಷರ ತಲೆಯಲ್ಲಿ ಉಳಿಯುತ್ತದೆ ಎನ್ನುತ್ತಿದ್ದರು. ರವೆ ಚೆನ್ನಯಣ್ಣನ ಕಲ್ಯಾಣದ ಹೋಟೆಲಿನಿಂದ ಬರುತ್ತಿತ್ತು. ಒಂದು ದಿನ ಚೆನ್ನಯಣ್ಣನವರು ನನ್ನನ್ನು ಕೇಳಿದರು, ‘ಮಾಸ್ತರೇ, ಇದು ಪಾಠಕ್ಕೋ ಉಪ್ಪಿಟ್ಟಿಗೋ? ಉಪ್ಪಿಟ್ಟಿಗಾದ್ರೆ ಮೆಣಸೂ ಕಳಿಸ್ತೆ.’ ಅಧ್ಯಕ್ಷರು ನಗುತ್ತಿದ್ದಾರೆ, ಅವರಿಗೆ ನೆನಪಿದೆ.

ಆ ಗುರುವಾರಗಳನ್ನು ನಾನು ಹೇಗೆ ವಿವರಿಸಲಿ? ಉಳಿದ ದಿನ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂತು ಹೋಗುತ್ತಿದ್ದ ಮಕ್ಕಳು ಗುರುವಾರ ಗೇಟು ತೆಗೆಯುವ ಮೊದಲೇ ಬಂದು ನಿಲ್ಲುತ್ತಿದ್ದರು. ತನ್ವಿ ಎಂಬ ಹುಡುಗಿಗೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಅವಳು ಬುಧವಾರ ಸಂಜೆಯೇ ಯೂನಿಫಾರ್ಮ್ ಹಾಕಿಕೊಂಡು ಕೂರುತ್ತಾಳೆ, ಬಿಚ್ಚಲು ಕೇಳುವುದಿಲ್ಲ ಎಂದು ಅವಳ ತಾಯಿ ದೂರು ಹೇಳಿದ್ದರು. ಶಾಲೆಗೆ ಬರಲು ಒಂದು ಮಗು ಇಷ್ಟು ಕಾಯುವುದನ್ನು ನನ್ನ ಮೂವತ್ತೊಂದು ವರ್ಷದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಪಾಠಕ್ಕಂತೂ ಯಾರೂ ಹಾಗೆ ಕಾಯಲಿಲ್ಲ.

ನಮಗೆ ತರಬೇತಿಯೂ ಇತ್ತು, ಇಲ್ಲವೆಂದಲ್ಲ. ಎರಡು ಸಾವಿರದ ಎಂಟರಲ್ಲಿ ಹೆಡ್‌ಮಾಸ್ತರುಗಳಿಗೆಲ್ಲ ವಾಶಿಯಲ್ಲಿ ಮೂರು ದಿನದ ಶಿಬಿರ. ಒಂದು ಫೈಲು, ಒಂದು ಪೆನ್ನು, ಎರಡು ಹೊತ್ತು ಚಹಾ. ಮೂರು ದಿನದಲ್ಲಿ ನಾನು ಎರಡು ದಿನ ತರಕಾರಿ ಮಾರ್ಕೆಟ್ಟಿನಲ್ಲಿದ್ದೆ. ನಗಬೇಡಿ, ನಿಜ. ಬೆಳಿಗ್ಗೆ ಸಹಿ ಹಾಕುವುದು, ಹಿಂದಿನ ಬಾಗಿಲಿನಿಂದ ಹೊರಗೆ ಬರುವುದು, ಈರುಳ್ಳಿ ಲಾರಿಗಳ ನಡುವೆ ಸಂಜೆಯವರೆಗೆ ತಿರುಗುವುದು. ಸರ್ಟಿಫಿಕೇಟು ಮಾತ್ರ ಚೌಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದೆ. ಅದು ಈಗಲೂ ಅಲ್ಲೇ ಇದೆ.

ಆ ಶಾಲಾ ವರ್ಷದ ಕೊನೆಗೆ, ಎರಡು ಸಾವಿರದ ಒಂಬತ್ತರಲ್ಲಿ, ಶಿಕ್ಷಣ ಕಚೇರಿಯಿಂದ ಒಂದು ಕಾಗದ ಬಂತು. ಒಂದು ಶಾಲೆಯಲ್ಲಿ ಐದು ವಿಶೇಷ ಮಕ್ಕಳಿದ್ದರೆ ಆ ಶಾಲೆಗೆ ವಾರಪೂರ್ತಿ ಒಬ್ಬ ವಿಶೇಷ ಶಿಕ್ಷಕಿಯನ್ನು ಕೊಡುತ್ತೇವೆ, ಮಕ್ಕಳ ಹೆಸರು, ತರಗತಿ, ತೊಂದರೆ ಏನು ಎಂದು ಬರೆದು ಹೆಡ್‌ಮಾಸ್ತರರ ಸಹಿಯೊಂದಿಗೆ ಕಳಿಸಿ, ವೈದ್ಯರ ತಪಾಸಣೆ ಆಮೇಲೆ ನೋಡೋಣ ಎಂದು. ವಾರಪೂರ್ತಿ ವಾರಿಜಾ ಟೀಚರ್. ಸೋಮವಾರ, ಮಂಗಳವಾರ, ಎಲ್ಲ ದಿನವೂ. ಸ್ಟಾಫ್ ರೂಮಿನಲ್ಲಿ ನಾವು ಪೇಡಾ ಹಂಚಿದ್ದೆವು.

ನಾನು ನಾಲ್ಕು ಹೆಸರು ಬರೆದು ಕಳಿಸಿದೆ.

ಹುದ್ದೆ ಬರಲಿಲ್ಲ. ಆ ಹುದ್ದೆ ನವಿ ಮುಂಬಯಿಯ ಒಂದು ಶಾಲೆಗೆ ಹೋಯಿತು, ಟೀಚರನ್ನೂ ಅಲ್ಲಿಗೇ ಹಾಕಿದರು. ಇದ್ದ ಗುರುವಾರವೂ ಹೋಯಿತು. ಕೊನೆಯ ಗುರುವಾರ ಅವರು ತಟ್ಟೆ ತೊಳೆದು ಒರೆಸಿ ನನ್ನ ಮೇಜಿನ ಮೇಲಿಟ್ಟು, ‘ನಾಲ್ಕೇ ಹೆಸರು ಹೋದದ್ದಂತೆ ಮಾಷ್ಟ್ರೆ. ಇರ್ಲಿ ಬಿಡಿ’ ಎಂದರು. ಅಷ್ಟೇ ಹೇಳಿದ್ದು. ಮುಂದಿನ ಗುರುವಾರ ತನ್ವಿ ಬಂದು ಮೆಟ್ಟಿಲಿನ ಕೆಳಗೆ ಕೂತಳು. ಅದರ ಮುಂದಿನ ಗುರುವಾರವೂ ಬಂದಳು. ಮಳೆಗಾಲ ಕಳೆಯುವವರೆಗೆ ಬಂದಳು. ಆಮೇಲೆ ಶಾಲೆಯನ್ನೇ ಬಿಟ್ಟಳು.

ಇಷ್ಟು ಹೇಳಿ ಮುಗಿಸಿದರೆ ಒಳ್ಳೆಯ ಭಾಷಣವಾಗುತ್ತದೆ. ಸರಕಾರವನ್ನು ಬೈದ ಹಾಗೆಯೂ ಆಗುತ್ತದೆ, ಚಪ್ಪಾಳೆಯೂ ಬರುತ್ತದೆ. ಎಂಟು ವರ್ಷದಿಂದ ನಾನು ಇದನ್ನು ಹೀಗೆಯೇ ಹೇಳಿಕೊಂಡು ಬಂದಿದ್ದೇನೆ. ‘ಏನು ಮಾಡುವುದು, ಒಂದು ಮಗು ಕಡಿಮೆಯಾಯಿತು’ ಎಂದು.

ಮಗು ಕಡಿಮೆ ಇರಲಿಲ್ಲ.

ವಾಶಿಯ ಶಿಬಿರದ ವಿಷಯ ಪೂರ್ತಿ ಹೇಳಲಿಲ್ಲ ನಾನು. ಮೊದಲನೆಯ ದಿನ ಕೂತಿದ್ದೆ. ಪಾಠ ಮಾಡಲು ಬಂದಿದ್ದ ಹೆಂಗಸು ಹಲಗೆಯ ಮೇಲೆ ಒಂದೊಂದೇ ಲಕ್ಷಣ ಬರೆಯುತ್ತಿದ್ದರು. ಕೇಳಿದ ಕಥೆಯನ್ನು ಪೂರ್ತಿ ಹೇಳುತ್ತದೆ, ನಾಲ್ಕು ಸಾಲು ಓದಲಾರದು. ಅಕ್ಷರಗಳನ್ನು ತಿರುಗಿಸಿ ಬರೆಯುತ್ತದೆ. ಒತ್ತಕ್ಷರ ಬಿಡುತ್ತದೆ. ಓದು ಎಂದ ಕೂಡಲೇ ಹೊಟ್ಟೆನೋವು ಎನ್ನುತ್ತದೆ. ಹೊಟ್ಟೆನೋವಿನವರೆಗೆ ನಾನು ಫೈಲಿನಲ್ಲಿ ಬರೆದುಕೊಂಡೆ, ಆಮೇಲೆ ಪೆನ್ನಿನ ಮುಚ್ಚಳ ಹಾಕಿದೆ. ಮಾರನೆಯ ದಿನ ಒಳಗೆ ಕೂರಲು ಧೈರ್ಯ ಬರಲಿಲ್ಲ. ಹಾಗಾಗಿ ಈರುಳ್ಳಿ ಮಾರ್ಕೆಟ್ಟು.

ನನ್ನ ಮಗಳು ಶ್ರದ್ಧಾ ಆಗ ಇದೇ ಶಾಲೆಯಲ್ಲಿ ಆರನೇ ತರಗತಿಯಲ್ಲಿದ್ದಳು.

ವಾರಿಜಾ ಟೀಚರ್ ಅದನ್ನು ನನಗಿಂತ ಮೊದಲೇ ಕಂಡಿದ್ದರು. ‘ಮಾಷ್ಟ್ರೆ, ನಿಮ್ಮ ಮಗಳನ್ನೂ ಗುರುವಾರ ನನ್ನತ್ರ ಕಳ್ಸಿ. ಬುದ್ಧಿಗೆ ಏನೂ ಕಡಿಮೆ ಇಲ್ಲ ಮಾರಾಯ್ರೆ, ಅಕ್ಷರದ್ದು ಮಾತ್ರ ಸ್ವಲ್ಪ ಕಷ್ಟ ಉಂಟು’ ಎಂದು ಎಷ್ಟು ಸಲ ಕೇಳಿದರೋ. ನಾನು ಏನು ಹೇಳಿದೆ? ‘ಅವಳಿಗೆ ಸೋಮಾರಿತನ ಟೀಚರೇ, ಬೇರೇನಿಲ್ಲ’ ಎಂದೆ. ಹೆಡ್‌ಮಾಸ್ತರನ ಮಗಳು ಮೆಟ್ಟಿಲಿನ ಕೆಳಗೆ ಕೂತು ರವೆಯಲ್ಲಿ ಅ ಆ ಇ ಈ ತೀಡುವುದೇ? ಬೇರೆ ತಂದೆ ತಾಯಂದಿರನ್ನು ಆಫೀಸಿಗೆ ಕರೆಸಿ, ‘ನಾಚಿಕೆ ಪಡಬೇಡಿ, ಮಗುವಿನ ಭವಿಷ್ಯ ನೋಡಿ’ ಎಂದು ಉಪದೇಶ ಮಾಡಿದವನು ನಾನೇ. ಸಂಜೆ ಮನೆಗೆ ಹೋಗಿ ಅದೇ ಬಾಯಿಯಲ್ಲಿ ಮಗಳನ್ನು ದಡ್ಡಿ ಎಂದೆ. ಮರದ ಸ್ಕೇಲಿನಿಂದ ಹೊಡೆದೆ. ‘ಹೊಡ್ದದ್ದು ಸಾಕ್ ಮಾರಾಯ್ರೆ, ಅದಕ್ ಬತ್ತಿಲ್ಲೆ ಅಂದ್ರೆ ಬತ್ತಿಲ್ಲೆ’ ಎಂದು ನನ್ನ ಹೆಂಡತಿ ಜಯಶೀಲ ಅಡ್ಡ ಬಂದರೆ ಅವಳಿಗೂ ಬೈದೆ.

ಕಚೇರಿಯ ಆ ಕಾಗದದಲ್ಲಿ ಐದು ಗೆರೆ ಇದ್ದವು. ನಾಲ್ಕು ತುಂಬಿಸಿ ಐದನೆಯದರ ಮೇಲೆ ಪೆನ್ನು ಇಟ್ಟುಕೊಂಡು ಕೂತಿದ್ದೆ. ಬರೆದರೆ ಫೈಲಿಗೆ ಹೋಗುತ್ತದೆ, ಫೈಲಿನಿಂದ ಊರಿಗೆ ಹೋಗುತ್ತದೆ, ನಾಳೆ ಅವಳ ಮದುವೆಗೆ ಅಡ್ಡ ಬರುತ್ತದೆ ಎಂದು ಲೆಕ್ಕ ಹಾಕಿದೆ. ಅವಳ ಒಳ್ಳೆಯದಕ್ಕೇ ಎಂದುಕೊಂಡೆ. ಅಡ್ಡ ಗೆರೆ ಎಳೆದು ಸಹಿ ಹಾಕಿದೆ. ವಾರಿಜಾ ಟೀಚರಿಗೆ ಐದನೆಯ ಮಗು ಯಾರೆಂದು ಗೊತ್ತಿತ್ತು. ಕಚೇರಿಯಲ್ಲಿ ಒಂದು ಮಾತು ಹೇಳಬಹುದಿತ್ತು. ತಂದೆ ಹೇಳದೆ ತಾನು ಹೇಳಬಾರದೆಂದು ಸುಮ್ಮನಿದ್ದರು.

ಶ್ರದ್ಧಾ ಒಂಬತ್ತನೇ ತರಗತಿಯಲ್ಲಿ ಫೇಲಾದಳು, ಅಲ್ಲಿಗೆ ಓದು ನಿಂತಿತು. ಈಗ ಠಾಣೆಯ ಒಂದು ಮಾಲ್‌ನ ಬಟ್ಟೆ ಅಂಗಡಿಯಲ್ಲಿದ್ದಾಳೆ. ಬಾಗಿಲಲ್ಲಿ ಕಾಲಿಟ್ಟ ಗಿರಾಕಿಗೆ ಯಾವ ಅಳತೆಯ ಅಂಗಿ ಬೇಕೆಂದು ನೋಡಿದ ಕೂಡಲೇ ಹೇಳುತ್ತಾಳೆ, ಮಾಲೀಕರು ಅವಳನ್ನು ಬಿಟ್ಟುಕೊಡುವುದಿಲ್ಲ. ಬುದ್ಧಿಗೇನೂ ಕಡಿಮೆ ಇಲ್ಲ ಎಂದು ಟೀಚರ್ ಹೇಳಿದ್ದು ಸುಳ್ಳಾಗಲಿಲ್ಲ.

ಆದರೆ ಸಭಿಕರೇ, ಫೇಲಾದ ಆ ವರ್ಷದಿಂದ ಅವಳು ನನ್ನ ಜೊತೆ ಕನ್ನಡ ಮಾತಾಡುವುದಿಲ್ಲ. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಹಿಂದಿಯಲ್ಲೇ ಉತ್ತರ ಕೊಡುವುದು, ಅದಕ್ಕೇನು ದೊಡ್ಡ ವಿಷಯ ಎಂದು ನೀವು ಕೇಳಬಹುದು. ಅಮ್ಮನ ಜೊತೆ ಮಾತಾಡುತ್ತಾಳೆ. ಅಡುಗೆ ಮನೆಯಲ್ಲಿ ತಾಯಿ ಮಗಳು ನಮ್ಮ ಕುಂದಾಪುರದ ಕನ್ನಡದಲ್ಲಿ ಗಂಟೆಗಟ್ಟಲೆ ಹರಟುತ್ತಾರೆ, ನಗುತ್ತಾರೆ. ನಾನು ಒಳಗೆ ಕಾಲಿಟ್ಟರೆ ಅವಳದ್ದು ಹಿಂದಿ. ‘ಪಪ್ಪಾ, ಚಾಯ್ ಚಾಹಿಯೇ ಕ್ಯಾ?’ ಜಗಳವಿಲ್ಲ, ಸಿಟ್ಟಿಲ್ಲ, ಮರ್ಯಾದೆಗೆ ಕೊರತೆಯಿಲ್ಲ. ನಾನು ಅವಳಿಗೆ ಕೊಟ್ಟ ಕನ್ನಡ ಸ್ಕೇಲಿನ ಏಟಿನದು, ಅದನ್ನು ಅವಳು ನನಗೆ ವಾಪಸು ಕೊಟ್ಟಿದ್ದಾಳೆ. ಎಷ್ಟೋ ಸಂಜೆ ನಾನು ಹಜಾರದಲ್ಲಿ ಟಿ.ವಿ.ಯ ಸದ್ದು ಅಡಗಿಸಿ, ಪೇಪರು ಹಿಡಿದುಕೊಂಡು, ಅಡುಗೆ ಮನೆಯ ಆ ಮಾತು ಕೇಳುತ್ತಾ ಕೂರುತ್ತೇನೆ. ಒಂದೇ ಒಂದು ಸಲ ಆ ಮಾತು ನನ್ನ ಕಡೆ ತಿರುಗಬಾರದೇ ಎಂದು ಆಸೆ. ಅರವತ್ತೊಂದು ವರ್ಷದವನಿಗೆ ಇದಕ್ಕಿಂತ ದೊಡ್ಡ ಆಸೆ ಬೇರೇನೂ ಉಳಿದಿಲ್ಲ.

ಇದನ್ನೆಲ್ಲ ಇಂದು ಯಾಕೆ ಹೇಳುತ್ತಿದ್ದೇನೆ? ಯಾಕೆಂದರೆ ನಾಗರಾಜ ಅವರ ಕಂಪನಿಯವರು ಇಂಥ ಮಕ್ಕಳಿಗೆಂದೇ ಇಂದು ಉದ್ಘಾಟನೆಯಾದ ಚಂದದ ಕೋಣೆ ಕಟ್ಟಿಸಿ ಕೊಟ್ಟಿದ್ದಾರೆ. ಗೋಡೆಗೆ ದಾನಿಯ ಹೆಸರು ಬರೆಸಬಹುದು, ಟೀಚರಿನ ಸಂಬಳದ ಮೇಲೆ ಹೆಸರು ಬರೆಸಲಿಕ್ಕಾಗುವುದಿಲ್ಲ. ಹಾಗಾಗಿ ಕೋಣೆ ಕೊಡುವವರು ಸಿಗುತ್ತಾರೆ, ಟೀಚರನ್ನು ಕೊಡುವವರು ಸಿಗುವುದಿಲ್ಲ. ಇವರು ಅದನ್ನೂ ಕೊಡುತ್ತೇನೆ ಎಂದಿದ್ದಾರೆ, ಮೂರು ವರ್ಷ, ವಾರಪೂರ್ತಿ. ಕಂಪನಿಯ ನಿಯಮವೂ ಹಳೆಯದರ ಹಾಗೆಯೇ ಇದೆ, ಐದು ಮಕ್ಕಳ ಹೆಸರು ಬೇಕು. ಶನಿವಾರ ಕೊನೆಯ ದಿನ. ನಮ್ಮ ಕ್ಲಾರ್ಕ್ ಶಂಭು ಮನೆಮನೆಗೆ ಹೋಗಿ ಬಂದಿದ್ದಾನೆ. ಅವನ ಹತ್ತಿರ ಇರುವುದು ಮೂರು ಹೆಸರು.

ಶಾಲೆಯಲ್ಲಿ ಇರುವುದು ಮೂರೇ ಮಕ್ಕಳಲ್ಲ. ಶಿಕ್ಷಕರಿಗೆ ಗೊತ್ತಿದೆ, ನನಗೆ ಗೊತ್ತಿದೆ. ಪೆನ್ನಿನ ಮುಚ್ಚಳ ಹಾಕಿ ಕೂತ ತಂದೆ ತಾಯಂದಿರು ಈ ಸಭಾಂಗಣದಲ್ಲೇ ಇದ್ದಾರೆ. ನಾನು ಯಾರ ಕಡೆಯೂ ನೋಡುವುದಿಲ್ಲ, ಯಾರ ಹೆಸರನ್ನೂ ಹೇಳುವುದಿಲ್ಲ. ಹೇಳುವ ಹಕ್ಕು ನನಗಿಲ್ಲ. ನಿಮ್ಮದು ಪ್ರೀತಿಯೇ ಎಂದು ನನಗೆ ಗೊತ್ತು. ನನ್ನದೂ ಪ್ರೀತಿಯೇ ಆಗಿತ್ತು.

ಮೊನ್ನೆ ವಾರಿಜಾ ಟೀಚರಿಗೆ ಫೋನು ಮಾಡಿ ಇಂದಿನ ಕಾರ್ಯಕ್ರಮಕ್ಕೆ ಕರೆದೆ. ಬರಲಾಗುವುದಿಲ್ಲ ಎಂದರು. ನನ್ನ ಸನ್ಮಾನದ ಸುದ್ದಿ ಕೇಳಿ ಸಂತೋಷಪಟ್ಟರು. ಆದರೆ ಫೋನು ಎತ್ತಿದ ಕೂಡಲೇ ಅವರು ಮೊದಲು ಕೇಳಿದ್ದು ಬೇರೆ. ‘ಶ್ರದ್ಧಾ ಹೇಗಿದ್ದಾಳೆ ಮಾಷ್ಟ್ರೆ?’

ಇಂದು ಬೆಳಿಗ್ಗೆ ನಾನು ಮಗಳನ್ನು ಕೇಳಿದೆ. ಸಭೆಯಲ್ಲಿ ನಿನ್ನ ವಿಷಯ ಹೇಳಲಾ ಎಂದು ಕನ್ನಡದಲ್ಲೇ ಕೇಳಿದೆ. ಅವಳು ಡಬ್ಬಿಗೆ ಚಪಾತಿ ತುಂಬುತ್ತಿದ್ದಳು. ‘ಅಬ್ ಬೋಲ್ ಕೆ ಕ್ಯಾ ಫಾಯ್ದಾ, ಪಪ್ಪಾ?’ ಎಂದಳು. ಹೌದಲ್ಲ, ಈಗ ಹೇಳಿ ಏನು ಪ್ರಯೋಜನ? ಚಪ್ಪಲಿ ಹಾಕಿಕೊಂಡು ಬಾಗಿಲವರೆಗೆ ಹೋದವಳು ನಿಂತಳು. ‘ಬೋಲೋ. ಲೇಕಿನ್ ನಾಮ್ ಪೂರಾ ಬೋಲ್ನಾ’ ಎಂದು ಹೇಳಿ ಕೆಲಸಕ್ಕೆ ಹೋದಳು. ಹೇಳಿ, ಆದರೆ ಹೆಸರು ಪೂರ್ತಿ ಹೇಳಬೇಕು ಎಂದು.

ಈ ಶಾಲನ್ನು ನಾನು ಇಲ್ಲೇ ಬಿಟ್ಟು ಹೋಗುತ್ತೇನೆ, ಅದನ್ನು ನವಿ ಮುಂಬಯಿಗೆ, ವಾರಿಜಾ ಟೀಚರಿಗೆ ತಲುಪಿಸುವ ಕೆಲಸ ಅಧ್ಯಕ್ಷರದ್ದು. ನನ್ನನ್ನು ಕರೆದ ಆಡಳಿತ ಮಂಡಳಿಗೆ, ಟೀಚರನ್ನು ಕೊಡಲು ಒಪ್ಪಿದ ನಾಗರಾಜ ಅವರಿಗೆ, ಹಸಿವು ತಡೆದುಕೊಂಡು ಹತ್ತು ನಿಮಿಷವನ್ನು ಇಷ್ಟು ಉದ್ದ ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ಶಂಭು ಊಟದ ಹಾಲ್‌ನ ಬಾಗಿಲ ಬಳಿ ಕಾಗದ ಇಟ್ಟುಕೊಂಡು ಕೂತಿರುತ್ತಾನೆ. ನಿಮಗೆ ಸುಲಭವಾಗಲಿ ಎಂದು, ಎರಡು ಸಾವಿರದ ಒಂಬತ್ತರ ಕಾಗದದಲ್ಲಿ ನಾನು ಬರೆಯದೆ ಬಿಟ್ಟ ಗೆರೆಯನ್ನು ಈಗ ಓದುತ್ತೇನೆ.

ಶ್ರದ್ಧಾ ಲೋಕನಾಥ ಶೇರಿಗಾರ್. ಆರನೇ ತರಗತಿ. ಓದಲು, ಬರೆಯಲು ಕಷ್ಟ. ತಂದೆ, ಇದೇ ಶಾಲೆಯ ಹೆಡ್‌ಮಾಸ್ತರ್.

ನಮಸ್ಕಾರ.